ಚೀಟಿಯಲ್ಲಿ ಬರೆದು ಕೊಟ್ಟರೆ ಸಾಕು: ನಾನು ಹೋದ ಯುರಾಲಜಿ ಕ್ಲಿನಿಕ್

ನಾನು ದಾವಣಗೆರೆಯಲ್ಲಿ ಟೈಲರ್. ವಯಸ್ಸು 47. ಬಟ್ಟೆ ಮೇಲಿನ ಕಲೆ ಚಹಾದ್ದೋ, ಎಲೆ ಅಡಿಕೆಯದೋ, ಮಷಿನ್ ಎಣ್ಣೆಯದೋ ಅಂತ ನೋಡಿದ ಕೂಡಲೇ ಹೇಳುತ್ತೇನೆ. ಯುಗಾದಿ ಮುಗಿದ ವಾರ ಹಾಸಿಗೆ ಚಾದರದ ಮೇಲೆ ತುಕ್ಕಿನ ಬಣ್ಣದ ಕಲೆ ಕಂಡಾಗ ಎದೆ ಧಸಕ್ಕೆಂದಿತು. ನೋವಿಲ್ಲ, ಉರಿಯಿಲ್ಲ, ವೀರ್ಯದಲ್ಲಿ ರಕ್ತ! ಹೆಂಡತಿಗೂ ಹೇಳದೆ ಹತ್ತು ದಿನ ಒಳಗೊಳಗೇ ಕೊರಗಿದೆ. ಕ್ಯಾನ್ಸರೇ ಇರಬೇಕು ಅಂದುಕೊಂಡಿದ್ದೆ.

ಮೊದಲು ಹೋಗಿದ್ದು ಒಂದು ಮೆಡಿಕಲ್ ಶಾಪಿಗೆ. ‘ಹೀಟ್ ಆಗಿದೆ’ ಅಂತ ಐದು ಮಾತ್ರೆ ಕೊಟ್ಟರು. ನುಂಗಿದೆ. ಕಲೆ ಮತ್ತೆ ಬಂತು.

ಆಮೇಲೆ ಮೂತ್ರದ, ಗಂಡಸರ ತೊಂದರೆ ನೋಡುವ ಈ ಯುರಾಲಜಿ ಕ್ಲಿನಿಕ್‌ಗೆ ಬಂದೆ. ಇಲ್ಲಿ ಕೌಂಟರಿನಲ್ಲಿ ಎಲ್ಲರ ಎದುರು ‘ಏನು ತೊಂದರೆ’ ಅಂತ ಕೇಳುವುದಿಲ್ಲ. ಒಂದು ಚೀಟಿ, ಪೆನ್ನು ಕೊಡುತ್ತಾರೆ. ಬರೆದು ಮಡಚಿ ಕೊಟ್ಟೆ. ಅಷ್ಟಕ್ಕೇ ಅರ್ಧ ಭಾರ ಇಳಿಯಿತು.

ಸಿಸ್ಟರ್ ಬಿಪಿ ನೋಡಿದರು: 170/110. ನಾಲ್ಕು ವರ್ಷದಿಂದ ನಾನು ಬಿಪಿ ನೋಡಿಸಿಯೇ ಇರಲಿಲ್ಲ. ಜಾಸ್ತಿ ಬಿಪಿಯಿಂದಲೂ ಹೀಗೆ ರಕ್ತ ಬರಬಹುದಂತೆ.

ಡಾಕ್ಟರು ಸಮಾಧಾನವಾಗಿ ಕೇಳುತ್ತಾ ಹೋದರು. ಎಷ್ಟು ಸಲ ಬಂತು? ಕೆಂಪೋ ಕಂದೋ? ಪೆಟ್ಟು ಬಿದ್ದಿತ್ತಾ? ಪ್ರಾಸ್ಟೇಟ್ (ಮೂತ್ರಚೀಲದ ಕೆಳಗಿನ ಗ್ರಂಥಿ) ಬಯಾಪ್ಸಿ, ಅಂದರೆ ಚೂರು ತೆಗೆದು ಮಾಡುವ ಪರೀಕ್ಷೆ, ಆಗಿತ್ತಾ? ರಕ್ತ ತೆಳು ಮಾಡುವ ಮಾತ್ರೆ ತಗೊಳ್ತೀರಾ? ಬೇರೆಯವರ ಸಂಪರ್ಕ ಇತ್ತಾ? ಅಪ್ಪ, ಅಣ್ಣತಮ್ಮಂದಿರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತಾ? ಆಮೇಲೆ ಚೀಟಿಯ ಹಿಂದೆ ಚಿತ್ರ ಬರೆದರು. ಮೂತ್ರಚೀಲ, ಅದರ ಕೆಳಗೆ ಪ್ರಾಸ್ಟೇಟ್, ಹಿಂದೆ ಎರಡು ಸಣ್ಣ ಚೀಲ. ‘ವೀರ್ಯದ ನೀರು ಜಾಸ್ತಿ ಬರೋದು ಈ ಚೀಲಗಳಿಂದ, ಉಳಿದದ್ದು ಹೆಚ್ಚಾಗಿ ಪ್ರಾಸ್ಟೇಟಿನಿಂದ. ಇಲ್ಲಿ ಸೋಂಕು, ಊತ, ಹರಳು ಏನಾದರೂ ಆದರೆ ರಕ್ತ ಸೇರುತ್ತೆ. ಕಂದು ಬಣ್ಣ ಅಂದ್ರೆ ಹಳೇ ರಕ್ತ. ಕ್ಯಾನ್ಸರ್ ಇರೋದು ಅಪರೂಪ. ಆದ್ರೆ ನಲವತ್ತು ದಾಟಿದವರಲ್ಲಿ ನೋಡದೆ ಬಿಡಬಾರದು’ ಅಂದರು. ಆ ಚೀಟಿ ಇನ್ನೂ ನನ್ನ ಅಂಗಡಿ ಡ್ರಾಯರಿನಲ್ಲಿದೆ.

ಗುದದ್ವಾರದಲ್ಲಿ ಬೆರಳು ಹಾಕಿ ಪ್ರಾಸ್ಟೇಟ್ ನೋಡುವ ಮುಂಚೆ ಹೇಳಿಯೇ ಮಾಡಿದರು. ಅರ್ಧ ನಿಮಿಷವೂ ಆಗಲಿಲ್ಲ. ಮೂತ್ರದಲ್ಲಿ ಪಸ್ ಸೆಲ್, ಅಂದರೆ ಕೀವಿನ ಕಣ ಸಿಕ್ಕಿತು. ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ತೊಂದರೆ ತಿಳಿಯಲು ಮಾಡುವ ರಕ್ತಪರೀಕ್ಷೆ, ಸ್ವಲ್ಪ ಜಾಸ್ತಿ ಬಂತು. ಸೋಂಕಿನಿಂದಲೂ ಅದು ಏರುತ್ತದೆ ಅಂತ ಮೊದಲು ಔಷಧಿ ಕೊಟ್ಟು, ವಾರಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರು. ನಾರ್ಮಲ್ ಬಂತು. ಈಗ ಕಲೆ ಇಲ್ಲ, ಬಿಪಿ ಮಾತ್ರೆ ನಡೆದಿದೆ.

ಇನ್ನೊಂದು ಮಾತು. ರಕ್ತ ನಿಮ್ಮದೇನಾ ಅಂತ ಖಾತ್ರಿ ಮಾಡಿಕೊಳ್ಳಲು ಒಮ್ಮೆ ಕಾಂಡೋಮ್ ಬಳಸಿ ನೋಡಿ ಅಂದಿದ್ದರು. ಹಾಗಾಗಿ ಹೆಂಡತಿಗೆ ಹೇಳಲೇಬೇಕಾಯಿತು. ‘ಇಷ್ಟು ದಿನ ಒಬ್ಬರೇ ನುಂಗಿಕೊಂಡಿದ್ರೇನ್ರೀ?’ ಅಂತ ಅತ್ತೇಬಿಟ್ಟಳು. ಮೊದಲ ದಿನವೇ ಹೇಳಬೇಕಿತ್ತು.

ಚಿಕ್ಕ ವಯಸ್ಸಿನವರಿಗೆ ಒಂದೇ ಸಲ ಬಂದು, ಬೇರೇನೂ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ತಾನೇ ನಿಲ್ಲುತ್ತದಂತೆ. ಆದರೂ ಒಮ್ಮೆ ತೋರಿಸಿ. ಮತ್ತೆ ಮತ್ತೆ ಬಂದರೆ, ಮೂರು ನಾಲ್ಕು ವಾರ ದಾಟಿದರೆ, ಜ್ವರ, ಉರಿಮೂತ್ರ, ಬೀಜದಲ್ಲಿ ಊತ ಇದ್ದರೆ, ಮೂತ್ರದಲ್ಲೂ ರಕ್ತ ಕಂಡರೆ ತಡ ಮಾಡಬೇಡಿ. ಮೂತ್ರ ಕಟ್ಟಿಕೊಂಡರೆ ಆಗಲೇ ಆಸ್ಪತ್ರೆಗೆ ಓಡಿ. ರಕ್ತ ತೆಳು ಮಾಡುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಕ್ಲಿನಿಕ್‌ನಲ್ಲಿ ಕೊರತೆಯೂ ಇದೆ. ಎರಡು ಗಂಟೆ ಕಾಯಬೇಕು. ಸ್ಕ್ಯಾನಿಂಗ್‌ಗೆ ಹೊರಗೆ ಹೋಗಬೇಕು. ಸ್ಯಾಂಪಲ್ ಕೊಡುವ ಟಾಯ್ಲೆಟ್ಟಿನ ಚಿಲಕ ಸರಿಯಿಲ್ಲ, ದಯವಿಟ್ಟು ಹಾಕಿಸಿ. ಹೋಗುವವರು ಹಳೇ ಮಾತ್ರೆಗಳ ಪಟ್ಟಿ ತಗೊಂಡು ಹೋಗಿ. ಹೊರಡುವ ಮುಂಚೆ ಎರಡು ಲೋಟ ನೀರು ಕುಡಿದಿರಿ, ಮೂತ್ರದ ಸ್ಯಾಂಪಲ್ ಅಲ್ಲೇ ಕೇಳುತ್ತಾರೆ.