ಜೋಕಿಚ್ ಮತ್ತು ಎಂಬಿಡ್: ಸೆಂಟರ್‌ನ ಬೆಲೆ ಅಳೆಯಲು ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್ ಎಷ್ಟು ನಂಬಬಹುದು?

ಫಿಲಡೆಲ್ಫಿಯಾದಲ್ಲಿ ರಾತ್ರಿ ಏಳಕ್ಕೆ ಪಂದ್ಯ ಶುರುವಾದರೆ, ನವೆಂಬರ್‌ನಿಂದ ಮಾರ್ಚ್ ಮೊದಲ ವಾರದವರೆಗೆ ಮಂಗಳೂರಿನಲ್ಲಿ ಬೆಳಗಿನ ಐದೂವರೆ. ಡೆನ್ವರ್‌ನ ಏಳು ಗಂಟೆಯ ಪಂದ್ಯ ನಮಗೆ ಏಳೂವರೆಗೆ, ಕಾಲೇಜಿನ ಬಸ್ಸು ಹಿಡಿಯುವ ಹೊತ್ತಿಗೆ. ಹೀಗಾಗಿ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಇಬ್ಬರು ಸೆಂಟರ್‌ಗಳಾದ ಡೆನ್ವರ್‌ನ ಜೋಕಿಚ್, ಫಿಲಡೆಲ್ಫಿಯಾದ ಎಂಬಿಡ್ ಅವರ ಆಟವನ್ನು ಪೂರ್ತಿ ಕಂಡವರು ಇಲ್ಲಿ ಕಡಿಮೆ. ಮಣಿಪಾಲದ ಹಾಸ್ಟೆಲಿರಲಿ, ಕಾಲೇಜು ಕೋರ್ಟಿನ ಬದಿಯಿರಲಿ, ಚರ್ಚೆ ನಡೆಯುವುದು ಸಂಖ್ಯೆಗಳ ಮೇಲೆ. ಆ ಸಂಖ್ಯೆಗಳಲ್ಲಿ ಹೆಚ್ಚಿನವು ಬರುವುದು ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್ ಎಂಬ ಜಾಲತಾಣದಿಂದ. ಒಬ್ಬ ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ನಿಂತು ಆಡುವ ಆಟಗಾರ, ತನ್ನ ತಂಡಕ್ಕೆ ಎಷ್ಟು ಬೆಲೆ ಬಾಳುತ್ತಾನೆ ಎಂದು ಈ ತಾಣ ಹೇಳಬಲ್ಲದೇ? ಬಲ್ಲದು, ಆದರೆ ಮೊದಲ ಕೋಷ್ಟಕಕ್ಕೇ ನಿಲ್ಲುವವರಿಗೆ ಅಲ್ಲ.

ತಾಣ ಉಚಿತ, ನೋಂದಣಿ ಬೇಡ. ಜಾಹೀರಾತು ಇವೆ, ಪುಟ ಉದ್ದ. ಕೋಷ್ಟಕಗಳು ಅಗಲವಾಗಿರುವುದರಿಂದ ಮೊಬೈಲ್ ಅಡ್ಡ ಹಿಡಿದೇ ನೋಡಬೇಕು. ತಲೆಪಟ್ಟಿಯ ಸಂಕ್ಷಿಪ್ತಾಕ್ಷರಗಳ ಅರ್ಥ ಕೋಷ್ಟಕದ ಗ್ಲಾಸರಿಯಲ್ಲಿ ಸಿಗುತ್ತದೆ; ಮೊದಲ ದಿನ ಅದನ್ನು ಓದಿಯೇ ಮುಂದೆ ಹೋಗಿ. ಋತುವಿನ ನಡುವೆ ತಂಡ ಬದಲಿಸಿದ ಆಟಗಾರನಿಗೆ ಒಂದೊಂದು ತಂಡದ ಸಾಲಿನ ಜೊತೆ ಒಟ್ಟು ಸಾಲೂ ಇರುತ್ತದೆ. ಎಲ್ಲವನ್ನೂ ಕೂಡಿಸಿದರೆ ಲೆಕ್ಕ ಇಮ್ಮಡಿಯಾಗುತ್ತದೆ. ಶೇರ್ ಅಂಡ್ ಎಕ್ಸ್‌ಪೋರ್ಟ್ ಒತ್ತಿ ಸಿಎಸ್‌ವಿ ರೂಪಕ್ಕೆ ತಂದರೆ ಎಕ್ಸೆಲ್‌ಗೆ ಹಾಕಿಕೊಳ್ಳಬಹುದು.

ತಾಣವನ್ನು ಪರೀಕ್ಷಿಸಲು 2022-23ರ ಋತುವಿಗಿಂತ ಒಳ್ಳೆಯದು ಬೇರೆ ಇಲ್ಲ. ಆ ವರ್ಷದ ಎಂವಿಪಿ (ಋತುವಿನ ಅತ್ಯಮೂಲ್ಯ ಆಟಗಾರ) ಮತದಾನದಲ್ಲಿ ಎಂಬಿಡ್ 915 ಅಂಕ ಪಡೆದು ಗೆದ್ದರು, ಜೋಕಿಚ್‌ಗೆ 674. ಪರ್ ಗೇಮ್ ಕೋಷ್ಟಕ ತೆರೆದರೆ ಇದು ಸರಿ ಅನಿಸುತ್ತದೆ: ಪಂದ್ಯಕ್ಕೆ ಎಂಬಿಡ್ 33.1 ಅಂಕ, 10.2 ರೀಬೌಂಡ್ (ಗುರಿ ತಪ್ಪಿದ ಚೆಂಡನ್ನು ಹಿಡಿದದ್ದು), 4.2 ಅಸಿಸ್ಟ್ (ಜೊತೆಯವರ ಬುಟ್ಟಿಗೆ ದಾರಿ ಮಾಡಿದ ಪಾಸ್), ಜೋಕಿಚ್ 24.5 ಅಂಕ, 11.8 ರೀಬೌಂಡ್, 9.8 ಅಸಿಸ್ಟ್. ಕಣ್ಣು ಮೊದಲು ಹೋಗುವುದು 33.1ರ ಮೇಲೆ. ಆದರೆ ಅದೇ ಸಾಲಿನಲ್ಲಿ ಎಡಕ್ಕೆ ಸರಿದು, ಅಂಕ ಬಂದದ್ದು ಎಷ್ಟು ಯತ್ನಕ್ಕೆ ಎಂದು ನೋಡಿ. ಎಂಬಿಡ್‌ಗೆ 20.1 ಶಾಟ್, 11.7 ಫ್ರೀ ಥ್ರೋ (ಫೌಲ್‌ಗೆ ಸಿಗುವ ಎಸೆತ). ಜೋಕಿಚ್‌ಗೆ 14.8 ಶಾಟ್, 6 ಫ್ರೀ ಥ್ರೋ. ಫ್ರೀ ಥ್ರೋ ಸಂಖ್ಯೆಯನ್ನು 0.44ರಿಂದ ಗುಣಿಸಿ ಶಾಟ್‌ಗೆ ಕೂಡಿಸಿದರೆ ಎಂಬಿಡ್ ಬಳಸಿದ್ದು ಸುಮಾರು 25.2 ಯತ್ನ, ಜೋಕಿಚ್ 17.4. ಅಂಕವನ್ನು ಇದರ ಎರಡರಷ್ಟರಿಂದ ಭಾಗಿಸಿದರೆ ಟ್ರೂ ಶೂಟಿಂಗ್, ಅಂದರೆ ಯತ್ನಗಳಿಗೆ ಹೋಲಿಸಿದ ಅಂಕದ ಪ್ರಮಾಣ, ಬರುತ್ತದೆ: ಎಂಬಿಡ್ ಶೇ. 65.5, ಜೋಕಿಚ್ ಶೇ. 70.1. ಅಡ್ವಾನ್ಸ್ಡ್ ಕೋಷ್ಟಕ ಇದನ್ನು ತಾನೇ ಕೊಡುತ್ತದೆ, ಆದರೂ ಒಮ್ಮೆ ಕೈಯಲ್ಲಿ ಲೆಕ್ಕ ಹಾಕಿ ನೋಡಿದವರಿಗೆ ಮಾತ್ರ ಅದರ ತೂಕ ತಿಳಿಯುತ್ತದೆ.

ಜೋಕಿಚ್ ಕೂಡ 25 ಯತ್ನ ಮಾಡಿದ್ದರೆ 35 ಅಂಕ ಬರುತ್ತಿತ್ತು ಎಂದು ಮಾತ್ರ ಹೇಳಬೇಡಿ. ಹೊರೆ ಹೆಚ್ಚಿದಂತೆ ಗುರಿ ಸಡಿಲವಾಗುತ್ತದೆ, ಕಾವಲು ಬಿಗಿಯಾಗುತ್ತದೆ. ತಂಡದ ಪೊಸೆಷನ್‌ಗಳಲ್ಲಿ (ಚೆಂಡು ತಂಡದ ಕೈಗೆ ಬಂದ ಸರದಿಗಳಲ್ಲಿ) ಶೇ. 37 ತಮ್ಮ ಕೈಯಲ್ಲೇ ಮುಗಿಸಿಯೂ ಶೇ. 65ರ ಮೇಲೆ ನಿಂತದ್ದು ಎಂಬಿಡ್ ಅವರ ದೊಡ್ಡತನ. ಜೋಕಿಚ್ ಅವರ ಬಳಕೆ ಶೇ. 27ರಷ್ಟು. ಅವರ ಉಳಿದ ಬೆಲೆ ಇರುವುದು ಪಾಸ್‌ನಲ್ಲಿ. ಪ್ರತಿ ಅಸಿಸ್ಟ್‌ಗೆ ಕನಿಷ್ಠ ಎರಡೇ ಅಂಕ ಹಿಡಿದರೂ ಜೋಕಿಚ್ ಮೂಲಕ ಬಂದದ್ದು ಪಂದ್ಯಕ್ಕೆ 44.1 ಅಂಕ, ಎಂಬಿಡ್ ಮೂಲಕ 41.5. ಎಂಟೂವರೆ ಅಂಕದ ಹಿನ್ನಡೆ ಹೀಗೆ ಮುನ್ನಡೆಯಾಗುತ್ತದೆ, ಅದೂ ಚೆಂಡನ್ನು ಕಡಿಮೆ ಬಾರಿ ಬುಟ್ಟಿಗೆ ಎಸೆದು.

ಅಡ್ವಾನ್ಸ್ಡ್ ಕೋಷ್ಟಕದಲ್ಲಿ ಆಟಗಾರನ ಒಟ್ಟು ಸಾಧನೆಯನ್ನು ಒಂದೇ ಸಂಖ್ಯೆಗೆ ಇಳಿಸುವ ಪಿಇಆರ್ ನೋಡಿ ತೀರ್ಪು ಕೊಡಬೇಡಿ. ಆ ವರ್ಷ ಜೋಕಿಚ್ 31.5, ಎಂಬಿಡ್ 31.4, ಇಬ್ಬರೂ ಒಂದೇ ಎಂದಂತಾಯಿತು. ಬಿಪಿಎಂ ಅಂದರೆ ನೂರು ಪೊಸೆಷನ್‌ಗೆ ಸಾಧಾರಣ ಆಟಗಾರನಿಗಿಂತ ಎಷ್ಟು ಅಂಕ ಮೇಲು ಎಂಬ ಅಂದಾಜು. ಅಲ್ಲಿ ಜೋಕಿಚ್ 13.0, ಎಂಬಿಡ್ 9.2. ಸೆಂಟರ್‌ಗಳನ್ನು ಹೋಲಿಸುವಾಗ ಇದು ಮೇಲು. ಆದರೆ ಇದೂ ಸ್ಕೋರ್‌ಶೀಟಿನ ಅಂಕಣಗಳಿಂದಲೇ ಕಟ್ಟಿದ್ದು, ಕೋರ್ಟಿನಲ್ಲಿ ಕಂಡು ಬರೆದದ್ದಲ್ಲ.

ಈ ತಾಣದ ನಿಜವಾದ ಬಂಡವಾಳ ಪಂದ್ಯದ ಒಂದೊಂದು ಘಟನೆಯ ದಾಖಲೆಯಿಂದ ಕಟ್ಟಿದ ಪ್ಲೇ-ಬೈ-ಪ್ಲೇ ಕೋಷ್ಟಕ. 1996-97ರಿಂದ ಈಚೆಗೆ, ಆಟಗಾರ ಕೋರ್ಟಿನಲ್ಲಿದ್ದಾಗ ತಂಡ ಎಷ್ಟು ಮುಂದೆ, ಕೂತಾಗ ಎಷ್ಟು ಹಿಂದೆ ಎಂಬುದನ್ನು ಆನ್-ಆಫ್ ಅಂಕಣ ಹೇಳುತ್ತದೆ. 2022-23ರಲ್ಲಿ ಜೋಕಿಚ್ ಇದ್ದಾಗ ಡೆನ್ವರ್ ನೂರು ಪೊಸೆಷನ್‌ಗೆ ಹತ್ತಕ್ಕೂ ಹೆಚ್ಚು ಅಂಕ ಮುಂದಿತ್ತು, ಅವರು ಬೆಂಚಿಗೆ ಹೋದೊಡನೆ ಹಿಂದೆ ಬಿದ್ದಿತು. ಎಂಬಿಡ್ ಇದ್ದಾಗಲೂ ಫಿಲಡೆಲ್ಫಿಯಾ ಮುಂದೆಯೇ, ಆದರೆ ಅವರು ಕೂತಾಗ ಕುಸಿತ ಅಷ್ಟಿಲ್ಲ. ಯಕ್ಷಗಾನ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಳ್ಳೆಯ ವೇಷಧಾರಿ ಒಳಗೆ ಹೋದರೂ ಪ್ರಸಂಗ ನಡೆಯುತ್ತದೆ. ಭಾಗವತರು ಎದ್ದರೆ ಚೆಂಡೆ, ಮದ್ದಳೆ, ಹೆಜ್ಜೆ ಎಲ್ಲವೂ ತಪ್ಪುತ್ತವೆ. ಡೆನ್ವರ್‌ನ ಜೊತೆಗಾರರಾದ ಮರ್ರೆ, ಗಾರ್ಡನ್, ಪೋರ್ಟರ್ ಮೂವರ ಕಟ್ (ಬುಟ್ಟಿಯತ್ತ ಓಟ), ಶಾಟ್‌ಗಳ ತಾಳ ಇದ್ದದ್ದು ಜೋಕಿಚ್ ಕೈಯಲ್ಲಿ.

ಹಾಗೆಂದು ಆನ್-ಆಫ್ ಸಂಖ್ಯೆಯನ್ನು ಆಟಗಾರನೊಬ್ಬನ ಗುಣ ಎಂದುಕೊಂಡರೆ ಎಡವುತ್ತೀರಿ. ಅದರ ಅರ್ಧ ಭಾಗ ಬದಲಿ ಸೆಂಟರ್‌ನ ಲೆಕ್ಕ. ಡೆನ್ವರ್ ಆ ವರ್ಷ ಡಿಆಂಡ್ರೆ ಜೋರ್ಡನ್, ಝೀಕ್ ನಾಜಿ ಮೊದಲಾದವರನ್ನು ಇಳಿಸಿ ನೋಡಿತು, ಯಾರೂ ನಿಲ್ಲಲಿಲ್ಲ. ಪ್ಲೇಆಫ್‌ನಲ್ಲಿ, ಅಂದರೆ ಪ್ರಶಸ್ತಿಗಾಗಿ ನಡೆಯುವ ಕೊನೆಯ ಸುತ್ತುಗಳಲ್ಲಿ, ಆರನ್ ಗಾರ್ಡನ್ ಅವರನ್ನೇ ಆ ಜಾಗಕ್ಕೆ ಸರಿಸಿತು. ಬದಲಿ ದುರ್ಬಲನಾದಷ್ಟೂ ಮುಖ್ಯ ಆಟಗಾರನ ಸಂಖ್ಯೆ ಉಬ್ಬುತ್ತದೆ. ಆದ್ದರಿಂದ ತಂಡದ ಪುಟಕ್ಕೆ ಹೋಗಿ ಬದಲಿಯ ಸಾಲನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಿ.

ಇನ್ನೊಂದು ಬಾಗಿಲು ಪಂದ್ಯವಾರು ಪಟ್ಟಿಯಾದ ಗೇಮ್ ಲಾಗ್. ಎಂಬಿಡ್ ಪರ ವಾದಿಸುವವರಿಗೆ ಅತಿ ಗಟ್ಟಿ ಸಾಕ್ಷ್ಯ ಸಿಗುವುದು ಅಲ್ಲೇ. 2023-24ರಲ್ಲಿ ಅವರು ಆಡಿದ 39 ಪಂದ್ಯಗಳಲ್ಲಿ ಫಿಲಡೆಲ್ಫಿಯಾ 31 ಗೆದ್ದು 8 ಸೋತಿತು; ಅವರಿಲ್ಲದ 43ರಲ್ಲಿ 16 ಗೆದ್ದು 27 ಸೋತಿತು. ಪಂದ್ಯವೊಂದರ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಬೆಲೆ ಬೇರೆ ಏನಿದೆ? ಆದರೆ ಆ 43 ಎಂಬ ಸಂಖ್ಯೆಯೂ ಅದೇ ಪುಟದಲ್ಲಿದೆ. ಅದೇ ಋತುವಿನಲ್ಲಿ ಜೋಕಿಚ್ 79 ಪಂದ್ಯ ಆಡಿದರು. ಮರುವರ್ಷ ಎಂಬಿಡ್ 19 ಪಂದ್ಯಕ್ಕೆ ನಿಂತರು, ತಂಡ 24 ಗೆದ್ದು 58 ಸೋತಿತು. ಜೋಕಿಚ್ 70 ಪಂದ್ಯಗಳಲ್ಲಿ 29.6 ಅಂಕ, 12.7 ರೀಬೌಂಡ್, 10.2 ಅಸಿಸ್ಟ್ ಸರಾಸರಿ ಇಟ್ಟರು. ಮೊಣಕಾಲಿನ ಗಾಯ ಆಟಗಾರನ ತಪ್ಪಲ್ಲ. ತಂಡಕ್ಕೆ ಸಿಕ್ಕಿದ್ದೆಷ್ಟು ಎಂದು ಕೇಳುವಾಗ ಮಾತ್ರ ಅದನ್ನು ಬಿಡಲಾಗದು. ಜೋಕಿಚ್ ಬೆಲೆ ಹೆಚ್ಚು ಎಂಬ ನಮ್ಮ ತೀರ್ಮಾನಕ್ಕೆ ಮೊದಲ ಕಾರಣ ಈ ಹಾಜರಿ, ಎರಡನೆಯದು ಪಾಸ್.

ಎರಡು ಮೂರು ಪಂದ್ಯ ಹಿಡಿದು ಮಾತ್ರ ವಾದಿಸಬೇಡಿ. 2023ರ ಪ್ಲೇಆಫ್‌ನಲ್ಲಿ ಎಂಬಿಡ್ ಆಡದ ಎರಡು ಪಂದ್ಯಗಳನ್ನೂ ಫಿಲಡೆಲ್ಫಿಯಾ ಗೆದ್ದಿತು, ಒಂದು ಬ್ರೂಕ್ಲಿನ್ ವಿರುದ್ಧ, ಇನ್ನೊಂದು ಬಾಸ್ಟನ್‌ನಲ್ಲೇ. ಅದರಿಂದ ಅವರು ಬೇಡ ಎಂದಾಗಲಿಲ್ಲ. ಬಾಸ್ಟನ್‌ನ ಆ ರಾತ್ರಿ ಅವರ ಜೊತೆಗಾರ ಹಾರ್ಡನ್ 45 ಅಂಕ ಹೊಡೆದಿದ್ದರು.

ತಾಣದ ದೊಡ್ಡ ಕೊರತೆ ರಕ್ಷಣೆಯ ಲೆಕ್ಕ. ಎಂಬಿಡ್ ಬುಟ್ಟಿಯ ಕೆಳಗೆ ನಿಂತದ್ದನ್ನು ಕಂಡು ಎದುರಾಳಿ ಒಳಗೆ ನುಗ್ಗದೆ ಹಿಂದಿರುಗಿದರೆ ಅದು ಯಾವ ಅಂಕಣದಲ್ಲೂ ದಾಖಲಾಗುವುದಿಲ್ಲ. ಬ್ಲಾಕ್ (ಎದುರಾಳಿಯ ಶಾಟ್ ತಡೆದದ್ದು) ಎಂಬಿಡ್‌ಗೆ 1.7, ಜೋಕಿಚ್‌ಗೆ 0.7 ಎಂಬ ವ್ಯತ್ಯಾಸ ಅದರ ಒಂದು ತುಣುಕು ಅಷ್ಟೆ. ಬಿಪಿಎಂನ ರಕ್ಷಣಾ ಭಾಗವಾದ ಡಿಬಿಪಿಎಂ ನಂಬಿ ಇವರಿಬ್ಬರ ರಕ್ಷಣೆಯನ್ನು ತೂಗುವುದು ತಪ್ಪು. ಹಿಂದಿನ ಕಾಲಕ್ಕೆ ಹೋದರೆ ಕೊರತೆ ಇನ್ನೂ ಹೆಚ್ಚು. ಬ್ಲಾಕ್, ಸ್ಟೀಲ್ (ಚೆಂಡು ಕಸಿದದ್ದು) ದಾಖಲೆ ಶುರುವಾದದ್ದೇ 1973-74ರಲ್ಲಿ. 1961-62ರಲ್ಲಿ ಸೆಂಟರ್ ಚೇಂಬರ್ಲೇನ್ 50.4 ಅಂಕದ ಸರಾಸರಿ ಇಟ್ಟರೂ ಆಟಗಾರರು ಮತ ಹಾಕಿ ಎಂವಿಪಿ ಮಾಡಿದ್ದು ಬಾಸ್ಟನ್‌ನ ಸೆಂಟರ್ ಬಿಲ್ ರಸೆಲ್ ಅವರನ್ನು, ಬಾಸ್ಟನ್ ಆ ವರ್ಷ 60 ಗೆದ್ದು 20 ಸೋತಿತ್ತು. ಯಾಕೆ ಎಂಬುದಕ್ಕೆ ಈ ತಾಣದ ಕೋಷ್ಟಕಗಳಲ್ಲಿ ಉತ್ತರ ಹುಡುಕಿದರೆ ಸಿಗುವುದು ಖಾಲಿ ಮನೆಗಳು.

ಕಾಲೇಜು ತಂಡ ನೋಡಿಕೊಳ್ಳುವ ಪಿಟಿ ಮಾಸ್ಟರ್‌ಗಳಿಗೆ ಈ ತಾಣದಿಂದ ಎತ್ತಿಕೊಳ್ಳಬೇಕಾದದ್ದು ಆನ್-ಆಫ್ ಕ್ರಮ. ಹೊಳೆಗೆ ಸುರಿದರೂ ಅಳೆದು ಸುರಿ ಅಂತಾರಲ್ಲ, ಹಾಗೆ. ನಮ್ಮ ಸ್ಕೋರ್‌ಶೀಟಿನಲ್ಲಿ ಅಂಕ ಮತ್ತು ಫೌಲ್ ಬಿಟ್ಟರೆ ಬೇರೆ ಇರುವುದಿಲ್ಲ. ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಬೇರೆ ಪುಸ್ತಕ ಕೊಟ್ಟು ಕೂರಿಸಿ. ಸೆಂಟರ್ ಕೋರ್ಟಿಗೆ ಇಳಿದಾಗ, ಹೊರಗೆ ಬಂದಾಗ ಎರಡೂ ತಂಡದ ಸ್ಕೋರ್ ಮತ್ತು ಗಡಿಯಾರ ಬರೆಯಲಿ. 12-10ರಲ್ಲಿ ಇಳಿದು 25-18ರಲ್ಲಿ ಹೊರಬಂದರೆ 2ರ ಮುನ್ನಡೆ 7 ಆಯಿತು, ಅಂದರೆ ಧನ 5. ಜೊತೆಗೆ ಶಾಟ್, ಫ್ರೀ ಥ್ರೋ, ಆಕ್ರಮಣದ ರೀಬೌಂಡ್ (ತಮ್ಮದೇ ತಂಡದ ತಪ್ಪಿದ ಶಾಟ್ ಹಿಡಿದದ್ದು), ಟರ್ನೋವರ್ (ಶಾಟ್ ಎಸೆಯದೆ ಚೆಂಡು ಕಳೆದದ್ದು) ಗೀಟು ಹಾಕಿಸಿ. ಶಾಟ್‌ಗೆ ಫ್ರೀ ಥ್ರೋದ 0.44 ಭಾಗ ಮತ್ತು ಟರ್ನೋವರ್ ಕೂಡಿಸಿ, ಆಕ್ರಮಣದ ರೀಬೌಂಡ್ ಕಳೆದರೆ ಪೊಸೆಷನ್ ಅಂದಾಜು ಬರುತ್ತದೆ. ನಿಮಿಷಕ್ಕಿಂತ ಇದೇ ಸರಿಯಾದ ಅಳತೆ: ಎನ್‌ಬಿಎ ಪಂದ್ಯ 48 ನಿಮಿಷ, ಅಂತರರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮದಲ್ಲಿ 40, ಒಂದೇ ದಿನಕ್ಕೆ ಮುಗಿಸುವ ಟೂರ್ನಿಗಳಲ್ಲಿ ಇನ್ನೂ ಕಡಿಮೆ.

ಹಣ ಕೊಟ್ಟು ಪಡೆಯುವ ಸ್ಟ್ಯಾಟ್‌ಹೆಡ್ ಸೇವೆ ಹಲವು ಷರತ್ತು ಹಾಕಿ ಹುಡುಕುವವರಿಗೆ. ಇಬ್ಬರು ಆಟಗಾರರ ಹೋಲಿಕೆಗೆ ಅದರ ಅಗತ್ಯವಿಲ್ಲ. ಉಚಿತ ತಾಣಕ್ಕೆ ಐದರಲ್ಲಿ ನಾಲ್ಕು. ಉಳಿದ ಒಂದು ಕಡಿತ ರಕ್ಷಣೆಗೆ. ಅದನ್ನು ಮಳೆಗಾಲದಲ್ಲಿ ಸಿಮೆಂಟ್ ಕೋರ್ಟ್ ಜಾರುವ ದಿನಗಳಲ್ಲಿ, ಹುಡುಗರನ್ನು ಕೂರಿಸಿ ಪೂರ್ತಿ ಪಂದ್ಯದ ವಿಡಿಯೋ ತೋರಿಸಿ ತುಂಬಿಕೊಳ್ಳಿ. ಚೆಂಡನ್ನಲ್ಲ, ಎಂಬಿಡ್ ಅವರ ಪಾದಗಳನ್ನು ನೋಡಲು ಹೇಳಿ.