ಕೊಡಗು ವಿವಿ: ಮುಚ್ಚೋದಾ, ಸರಿಮಾಡೋದಾ?

2025ರಲ್ಲಿ ಸಚಿವ ಸಂಪುಟದ ಉಪಸಮಿತಿ ರಾಜ್ಯದ ಒಂಬತ್ತು ಹೊಸ ವಿವಿಗಳನ್ನು ಮುಚ್ಚುವ ಸಲಹೆ ಕೊಟ್ಟಿತು. ಪಟ್ಟಿಯಲ್ಲಿ ಕೊಡಗೂ ಇತ್ತು, ಮಂಡ್ಯವೂ ಇತ್ತು.

ಮುಚ್ಚಿ ಹಳೇ ವಿವಿಗೆ ಸೇರಿಸಿದರೆ ಕುಲಪತಿ, ಕುಲಸಚಿವರ ಕಚೇರಿ ಖರ್ಚು ಉಳಿಯುತ್ತದೆ. ಹಳೇ ವಿವಿಯ ಹೆಸರಿಗೆ ತೂಕವೂ ಜಾಸ್ತಿ. ಮಂಡ್ಯದಿಂದ ಮೈಸೂರು ಸುಮಾರು 45 ಕಿ.ಮೀ., ಅಲ್ಲಿ ಈ ಲೆಕ್ಕ ಒಪ್ಪಬಹುದು.

ಕೊಡಗಿನ ಕಥೆ ಬೇರೆ. ಚಿಕ್ಕ ಅಳುವಾರದಲ್ಲಿರುವ ಕೊಡಗು ವಿವಿ ಕ್ಯಾಂಪಸ್ ಮೊದಲು ಮಂಗಳೂರು ವಿವಿಯ ಸ್ನಾತಕೋತ್ತರ ಕೇಂದ್ರವಾಗಿತ್ತು. ಮತ್ತೆ ಮಂಗಳೂರಿಗೆ ಸೇರಿಸಿದರೆ ಅಂಕಪಟ್ಟಿಯ ಒಂದು ತಪ್ಪು ತಿದ್ದಿಸಲೂ ಘಾಟಿ ಇಳಿಯಬೇಕು. ಮಳೆಗಾಲದಲ್ಲಿ ಆ ರಸ್ತೆ ಗೊತ್ತಲ್ವಾ! ಆದರೆ ಸುಮ್ನೆ ಬೋರ್ಡ್ ಉಳಿಸಿದರೆ ಸಾಲದು. ಕಾಯಂ ಅಧ್ಯಾಪಕರು, ಲ್ಯಾಬ್, ಹಾಸ್ಟೆಲ್ ಬೇಕು. ಅಷ್ಟು ದುಡ್ಡು ಕೊಡುವುದಾದರೆ ನನ್ನ ಓಟು ಉಳಿಸುವುದಕ್ಕೆ.