ಡೀಸೆಲ್ ಕ್ಯಾರವಾನ್‌ಗೆ ಬ್ಲೂಟೂತ್ ಓಬಿಡಿ ಸ್ಕ್ಯಾನರ್: ಆಕ್ಸಿಲರೇಟರ್ ಸೆನ್ಸರ್ ಕೈಕೊಟ್ಟಾಗ ಕಂಡದ್ದು

ಡೀಸೆಲ್ ವ್ಯಾನನ್ನು ಕ್ಯಾರವಾನ್ ಮಾಡಿಸಿಕೊಂಡು ಊರೂರು ಸುತ್ತುವವರು ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಓಬಿಡಿ ಸ್ಕ್ಯಾನರ್ ಒಂದನ್ನು ಜೊತೆಗೆ ಇಟ್ಟುಕೊಳ್ಳಲೇಬೇಕು. ನನ್ನದು ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ಅಡಾಪ್ಟರ್. ಸ್ಟೀರಿಂಗ್ ಕೆಳಗಿನ 16 ಪಿನ್ ಸಾಕೆಟ್‌ಗೆ ಸಿಕ್ಕಿಸಿ ಫೋನಿನಲ್ಲಿ ಆ್ಯಪ್ ತೆರೆದರೆ ಸಾಕು. ಇದನ್ನು ಕೆಲವು ಮಳೆಗಾಲ ಬಳಸಿ ನೋಡಿದ್ದೇನೆ. ಕೋಡ್ ಓದುವುದಕ್ಕಿಂತ ಇದರ ಲೈವ್ ಗ್ರಾಫ್ ನನಗೆ ಜಾಸ್ತಿ ಕೆಲಸಕ್ಕೆ ಬಂತು.

ಘಾಟಿ ಹತ್ತುವಾಗ ಚೆಕ್ ಇಂಜಿನ್ ಲೈಟ್ ಹೊತ್ತಿಕೊಂಡು, ಪೆಡಲ್ ಎಷ್ಟು ಒತ್ತಿದರೂ ಗಾಡಿ ಎಳೆಯದಿದ್ದರೆ ಹೇಗಾಗುತ್ತದೆ? ಹಿಂದೆ ಲಾರಿ, ಪಕ್ಕದಲ್ಲಿ ಪ್ರಪಾತ. ನಮಗೆ ಇದು ಮತ್ತೆ ಮತ್ತೆ ಆಗುತ್ತಿತ್ತು. ನಿಲ್ಲಿಸಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗೇ ಇಲ್ಲವೇನೋ ಎಂಬಂತೆ ಓಡುತ್ತಿತ್ತು. ಗ್ಯಾರೇಜಿನಲ್ಲಿ "ಪೆಡಲ್ಲೇ ಹೋಗಿದೆ ಸಾರ್, ಪೂರ್ತಿ ಸೆಟ್ ಬದಲಿಸಬೇಕು" ಅಂದರು.

ಸ್ಕ್ಯಾನರ್ ತೋರಿಸಿದ್ದು ಪಿ2127 ಮತ್ತು ಪಿ2138. ಈಗಿನ ಡೀಸೆಲ್ ಗಾಡಿಗಳಲ್ಲಿ ಆಕ್ಸಿಲರೇಟರ್ ಕೇಬಲ್ ಇರುವುದಿಲ್ಲ. ಪೆಡಲ್‌ನಲ್ಲಿ ಡಿ, ಇ ಎಂದು ಎರಡು ಸೆನ್ಸರ್ ಇರುತ್ತವೆ. ಎರಡಕ್ಕೂ 5 ವೋಲ್ಟ್ ಬರುತ್ತದೆ. ಎಷ್ಟೋ ಗಾಡಿಗಳಲ್ಲಿ ಒಂದರ ಸಿಗ್ನಲ್ ಇನ್ನೊಂದರ ಎರಡರಷ್ಟಿರುತ್ತದೆ. ಈ ಲೆಕ್ಕ ತಪ್ಪಿದ ಕೂಡಲೇ ಕಂಪ್ಯೂಟರ್ ಪವರ್ ಕಡಿಮೆ ಮಾಡುತ್ತದೆ. ಪಿ2138 ಅಂದರೆ ಎರಡೂ ತಾಳೆಯಾಗುತ್ತಿಲ್ಲ ಎಂದರ್ಥ. ಪಿ2127 ಅಂದರೆ ಇ ಸಿಗ್ನಲ್ ತೀರಾ ಕೆಳಗಿಳಿದಿದೆ. ಪೆಡಲ್ ಹಾಳಾಗಿದೆ ಅಂತ ಎರಡೂ ಹೇಳುವುದಿಲ್ಲ. ಸೆನ್ಸರ್, ವಯರು, ಕನೆಕ್ಟರ್ ಎಲ್ಲಿ ಬೇಕಾದರೂ ತೊಂದರೆ ಇರಬಹುದು.

ಇಂಥ ಕೋಡ್‌ನ ಹೆಸರಿನಲ್ಲಿ ಥ್ರಾಟಲ್ ಅಂತ ಕಂಡ ತಕ್ಷಣ ಥ್ರಾಟಲ್ ಬಾಡಿ (ಇಂಜಿನ್‌ಗೆ ಹೋಗುವ ಗಾಳಿಯ ಕವಾಟ) ಬಿಚ್ಚಿ ಕ್ಲೀನ್ ಮಾಡಿಸುವವರನ್ನು ನೋಡಿದ್ದೇನೆ. ಡೀಸೆಲ್‌ನಲ್ಲಿ ಪವರ್ ತೀರ್ಮಾನವಾಗುವುದು ಎಷ್ಟು ಇಂಧನ ಒಳಗೆ ಹೋಗುತ್ತದೆ ಎನ್ನುವುದರ ಮೇಲೆ. ಗಾಳಿ ದಾರಿಯ ಥ್ರಾಟಲ್ ಮುಖ್ಯವಾಗಿ ಇಜಿಆರ್ (ಹೊಗೆಯ ಒಂದು ಭಾಗವನ್ನು ಮತ್ತೆ ಇಂಜಿನ್‌ಗೆ ಕಳಿಸುವುದು), ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೆಲಸಕ್ಕೆ. ಮೊದಲು ಕೋಡ್ ನೋಡಿ.

ಇಂಜಿನ್ ಆಫ್, ಇಗ್ನಿಷನ್ ಆನ್. ಆ್ಯಪ್‌ನಲ್ಲಿ ಪೆಡಲ್ ಡಿ, ಪೆಡಲ್ ಇ ಗ್ರಾಫ್‌ಗಳನ್ನು ಒಟ್ಟಿಗೆ ಹಾಕಿದೆ. ಪೆಡಲನ್ನು ನಿಧಾನಕ್ಕೆ ಒತ್ತಿ ಬಿಟ್ಟಾಗ ಎರಡೂ ಗೆರೆ ನಯವಾಗಿ ಏರಿ ಇಳಿದವು. ಅಂದರೆ ಸೆನ್ಸರ್ ಸವೆದಿರಲಿಲ್ಲ. ಆಮೇಲೆ ಪೆಡಲ್ ಮುಟ್ಟದೆ ಡ್ಯಾಶ್‌ಬೋರ್ಡ್ ಕೆಳಗಿನ ವಯರಿಂಗನ್ನು ಮೆಲ್ಲಗೆ ಅಲುಗಾಡಿಸಿದೆ. ಒಂದು ಜಾಗದಲ್ಲಿ ಇ ಗೆರೆ ಸೊನ್ನೆಗೆ ಬಿತ್ತು! ಫ್ರಿಜ್ಜಿನ ವಯರ್ ಎಳೆದವರು ಪೆಡಲ್ ವಯರನ್ನೂ ಸೇರಿಸಿ ಒಂದು ಕಬ್ಬಿಣದ ಪಟ್ಟಿಗೆ ಬಿಗಿದಿದ್ದರು. ಉಜ್ಜಿ ಉಜ್ಜಿ ಇನ್ಸುಲೇಷನ್ ಹೋಗಿ ತಂತಿ ಗಾಡಿಯ ಲೋಹದ ಮೈಗೆ ತಾಗುತ್ತಿತ್ತು. ಎಲೆಕ್ಟ್ರಿಷಿಯನ್‌ಗೆ ಗ್ರಾಫ್ ತೋರಿಸಿದೆ, ಅವರು ವಾದ ಮಾಡಲೇ ಇಲ್ಲ. ತಂತಿ ಸರಿ ಮಾಡಿ, ಸ್ಲೀವ್ ಹಾಕಿ, ದಾರಿ ಬದಲಿಸಿದರು. ಆಮೇಲೆ ಆ ಕೋಡ್ ಬಂದಿಲ್ಲ, ಹಳೆಯ ಪೆಡಲ್ಲೇ ಇದೆ.

ಕೊರತೆಗಳೂ ಇವೆ. ಗಾಡಿ ಕಂಪನಿಯ ಸ್ವಂತ ಕೋಡ್‌ಗಳಲ್ಲಿ ಕೆಲವನ್ನು ಇದು ಓದುವುದಿಲ್ಲ. ಕನೆಕ್ಟರ್‌ಗೆ 5 ವೋಲ್ಟ್ ಬರುತ್ತಿದೆಯಾ ಎಂದು ನೋಡಲು ಮಲ್ಟಿಮೀಟರ್ ಬೇಕೇ ಬೇಕು. ಬ್ಲೂಟೂತ್ ಒಮ್ಮೊಮ್ಮೆ ಕಡಿದುಹೋಗುತ್ತದೆ, ಗ್ರಾಫ್ ನೋಡುತ್ತಿರುವಾಗ ಹಾಗಾದರೆ ಸಿಟ್ಟು ಬರುತ್ತದೆ ಅಲ್ವಾ? ಅಗ್ಗದ ನಕಲಿಗಳ ಬಗ್ಗೆ ಹುಷಾರು: ಇಂಥ ಅಡಾಪ್ಟರ್‌ಗಳಲ್ಲಿ ಬಳಸುವ ಇಎಲ್ಎಂ327 ಚಿಪ್‌ನಲ್ಲಿ 1.5 ಎಂಬ ಆವೃತ್ತಿಯನ್ನು ಮೂಲ ಕಂಪನಿ ತಂದೇ ಇಲ್ಲ, ಆದರೂ ಎಷ್ಟೋ ಪೊಟ್ಟಣಗಳ ಮೇಲೆ ಅದೇ ಇರುತ್ತದೆ.

ಕೋಡ್ ಅಳಿಸುವ ಬಟನ್ ಕೈಗೆ ಸುಲಭವಾಗಿ ಸಿಗುತ್ತದೆ, ಸುಮ್ನೆ ಒತ್ತಬೇಡಿ. ತೊಂದರೆ ಬಂದ ಗಳಿಗೆಯ ವೇಗ, ಆರ್‌ಪಿಎಂ ಎಲ್ಲ ಫ್ರೀಜ್ ಫ್ರೇಮ್‌ನಲ್ಲಿ ಇರುತ್ತವೆ, ಕೋಡ್ ಜೊತೆ ಅವೂ ಹೋಗುತ್ತವೆ. ಮೊದಲು ಫೋಟೋ ತೆಗೆದುಕೊಳ್ಳಿ. ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವವರು ಅಡಾಪ್ಟರ್ ಕಿತ್ತಿಡಿ, ಅದು ಬ್ಯಾಟರಿಯಿಂದ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ.